ಜೈಲಿನೊಳಗಿನ ಲೈಂಗಿಕ ಸಂಬಂಧ: ಕೇಳುವುದು ಹೇಗೆ?

ಪ್ರಶ್ನೆ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಓದುತ್ತಿದ್ದೇನೆ. ಕೋಡಿಯಾಲ್‌ಬೈಲ್‌ನ ಜಿಲ್ಲಾ ಕಾರಾಗೃಹದಲ್ಲಿ ವಯಸ್ಕ ಕೈದಿಗಳ ಲೈಂಗಿಕ ಸಂಬಂಧಗಳ ಬಗ್ಗೆ ಅಧ್ಯಯನ ಮಾಡಬೇಕೆಂದಿದ್ದೇನೆ. ಪ್ರಶ್ನಾವಳಿ ‘ನೀವು ಸಲಿಂಗಿಯೇ?’ ಎಂದು ಶುರುವಾಗುತ್ತದೆ. ಕೈದಿಗಳು ನಿಜ ಹೇಳುತ್ತಾರೆಯೇ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಆ ಮೊದಲ ಪ್ರಶ್ನೆಯನ್ನು ಹೊಡೆದುಹಾಕಿ. ಮನೆಯಲ್ಲಿ ಹೆಂಡತಿ ಮಕ್ಕಳಿರುವವನು ಬ್ಯಾರಕ್‌ನಲ್ಲಿ ಇನ್ನೊಬ್ಬ ಗಂಡಸಿನ ಜೊತೆ ಸಂಬಂಧ ಇಟ್ಟುಕೊಂಡಿದ್ದರೂ ತನ್ನನ್ನು ಸಲಿಂಗಿ ಎಂದುಕೊಂಡಿರುವುದಿಲ್ಲ. ಅವನು ‘ಅಲ್ಲ’ ಎಂದರೆ ಅದು ಸುಳ್ಳಲ್ಲ. ಮೊದಲಿನಿಂದಲೂ ಸಲಿಂಗಿಯಾಗಿರುವವನು ಹೆದರಿ ‘ಅಲ್ಲ’ ಎನ್ನಬಹುದು. ಎರಡೂ ಒಂದೇ ಕಾಲಂಗೆ ಬಿದ್ದರೆ ನಿಮ್ಮ ಕೋಷ್ಟಕಕ್ಕೆ ಅರ್ಥವೇ ಇಲ್ಲ. ಜೈಲಿನ ಅಭಾವವೇ ಇಂಥ ಸಂಬಂಧ ಹುಟ್ಟಿಸುತ್ತದೆಯೋ (1958ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರೆಷಮ್ ಸೈಕ್ಸ್ ಅಭಾವದ ಕಡೆಗೇ ಬೊಟ್ಟು ಮಾಡಿದ್ದರು), ಹೊರಗಿನ ಬದುಕೇ ಒಳಗೂ ಬರುತ್ತದೆಯೋ ಎಂಬ ಹಳೆಯ ಚರ್ಚೆಗೂ ಅದರಿಂದ ಉತ್ತರ ಸಿಗದು.

ಗುರುತಿನ ಬದಲು ನಡೆದದ್ದನ್ನು ಕೇಳಿ. ಈ ಸಲ ಒಳಗೆ ಬಂದ ಮೇಲೆ ಯಾರಾದರೂ ನಿಮ್ಮನ್ನು ಲೈಂಗಿಕವಾಗಿ ಮುಟ್ಟಿದ್ದುಂಟೇ? ನಿಮಗೆ ಇಷ್ಟವಿತ್ತೇ? ಬೇಡವೆಂದಿದ್ದರೆ ಏನಾಗುತ್ತಿತ್ತು? ಮೂರನೆಯದೇ ಜೀವಾಳ. ‘ಒಪ್ಪಿಗೆ’, ‘ಬಲಾತ್ಕಾರ’ ಎಂಬ ಎರಡೇ ಚೌಕ ಕೊಟ್ಟರೆ ಬೀಡಿಯ ಸಾಲ ತೀರಿಸಲು, ಮಲಗುವ ಜಾಗಕ್ಕಾಗಿ, ಇನ್ನೊಬ್ಬನ ಹೊಡೆತ ತಪ್ಪಿಸಿಕೊಳ್ಳಲು ತಲೆಯಾಡಿಸಿದವನೂ ‘ಒಪ್ಪಿಗೆ’ಗೇ ಟಿಕ್ ಹಾಕುತ್ತಾನೆ. ಪ್ರೀತಿ, ಕೊಡುಕೊಳ್ಳುವಿಕೆ, ಒತ್ತಡ, ಬಲವಂತ ಎಂದು ಕನಿಷ್ಠ ನಾಲ್ಕು ಇರಲಿ. ಪ್ರೀತಿಯನ್ನು ಬಿಡಬೇಡಿ, ಒಳಗಿನ ಸಂಬಂಧವೆಲ್ಲ ಹಿಂಸೆಯೇ ಎಂದುಕೊಂಡು ಹೋದವರಿಗೆ ಹಿಂಸೆ ಮಾತ್ರ ಕಾಣುತ್ತದೆ.

‘ಕಳೆದ ಒಂದು ವರ್ಷದಲ್ಲಿ’ ಎಂದೂ ಕೇಳಬೇಡಿ. ಜಿಲ್ಲಾ ಜೈಲುಗಳಲ್ಲಿ ಹೆಚ್ಚಿನವರು ವಿಚಾರಣಾಧೀನರು, ಎಷ್ಟೋ ಮಂದಿ ತಿಂಗಳೊಳಗೆ ಜಾಮೀನಿನ ಮೇಲೆ ಹೊರಡುತ್ತಾರೆ. ಬಂದು ಎಷ್ಟು ದಿನವಾಯಿತೆಂದು ಬರೆದುಕೊಂಡರೆ ಸಾಕು.

ನಿಜ ಹೇಳುವುದು ಬಿಡುವುದು ಗುಟ್ಟಿನ ಮೇಲೆ ನಿಂತಿದೆ. ಯಾರನ್ನು ಕರೆದಿರಿ ಎಂಬುದೇ ಸಂಜೆಗೆ ಬ್ಯಾರಕ್‌ನಲ್ಲಿ ಸುದ್ದಿ. ಅಮೆರಿಕದಲ್ಲಿ ಜೈಲಿನೊಳಗಿನ ಅತ್ಯಾಚಾರ ತಡೆಯುವ 2003ರ ಕಾನೂನಿನ ನಂತರ ನಡೆದ ಸರ್ಕಾರಿ ಸಮೀಕ್ಷೆಗಳಲ್ಲಿ ಕೈದಿ ಹೆಡ್‌ಫೋನಿನಲ್ಲಿ ಪ್ರಶ್ನೆ ಕೇಳಿ ಪರದೆ ಮುಟ್ಟಿ ಉತ್ತರಿಸುತ್ತಿದ್ದ. ಚೀಟಿ ಎತ್ತಿದಂತೆ ಆರಿಸಿದ ಕೆಲವರಿಗೆ ಲೈಂಗಿಕ ದೌರ್ಜನ್ಯದ ಬದಲು ಮದ್ಯ, ಮಾದಕವಸ್ತುವಿನ ಪ್ರಶ್ನೆಗಳು ಬರುತ್ತಿದ್ದವು. ಹಾಗಾಗಿ ಯಾರಿಗೆ ಯಾವ ಪ್ರಶ್ನೆ ಬಂತು, ಯಾರು ಏನು ಉತ್ತರಿಸಿದರೆಂದು ಸಿಬ್ಬಂದಿಗೂ ಗೊತ್ತಾಗುತ್ತಿರಲಿಲ್ಲ. 2011–12ರ ಸುತ್ತಿನಲ್ಲಿ ರಾಜ್ಯ ಮತ್ತು ಫೆಡರಲ್ ಜೈಲುಗಳ ಸುಮಾರು 4% ಕೈದಿಗಳು ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ತಿಳಿಸಿದರು. ನೀವೂ ಎರಡು ಪ್ರಶ್ನಾವಳಿ ಮಾಡಿ, ಒಂದೇ ಥರದ ಲಕೋಟೆಯಲ್ಲಿಟ್ಟು ಚೀಟಿ ಎತ್ತಿಸಿ ಹಂಚಿ. ಲ್ಯಾಪ್‌ಟಾಪ್‌ಗೆ ಲಿಖಿತ ಅನುಮತಿ ಸಿಕ್ಕಿದರೆ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಧ್ವನಿಮುದ್ರಣ ಒಯ್ಯಿರಿ. ವಾರ್ಡರನ್ನಾಗಲಿ ಸಹಕೈದಿಯನ್ನಾಗಲಿ ದುಭಾಷಿ ಮಾಡಿದಿರೋ, ಕೆಲಸ ಕೆಟ್ಟಿತು.

ಅನುಮತಿ ಮೊದಲು ಕಾಲೇಜಿನ ನೈತಿಕ ಸಮಿತಿಯಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಕೈದಿಗಳು ದುರ್ಬಲ ವರ್ಗ. ಆಮೇಲೆ ಬೆಂಗಳೂರಿನ ಕಾರಾಗೃಹ ಇಲಾಖೆ. ಸೂಪರಿಂಟೆಂಡೆಂಟ್ ಹೂಂ ಎಂದರೆ ಕೈದಿ ಒಪ್ಪಿದಂತಲ್ಲ. ಸಹಿಯಿಂದ ಗುರುತು ಸಿಗುವುದರಿಂದ ಮೌಖಿಕ ಸಮ್ಮತಿಗೆ ಅವಕಾಶ ಕೇಳಿ. ಹೆಸರು, ಕೈದಿ ಸಂಖ್ಯೆ, ಕೇಸಿನ ಸೆಕ್ಷನ್ ಬರೆಯಬೇಡಿ.

ಕಾನೂನನ್ನೂ ತಿಳಿದಿರಿ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ 2018ರ ಸೆಪ್ಟೆಂಬರ್ 6ರಿಂದ ಅಪರಾಧವಲ್ಲ. ಆದರೆ 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಂಡಸಿನ ಮೇಲಿನ ಬಲವಂತಕ್ಕೂ ಅನ್ವಯಿಸುತ್ತಿದ್ದ ಹಳೆಯ ದಂಡ ಸಂಹಿತೆಯ 377ಕ್ಕೆ ಸಮನಾದ ಸೆಕ್ಷನ್ನೇ ಇಲ್ಲ. ಗಂಡಸಿನ ಮೇಲಿನ ಅತ್ಯಾಚಾರ ಆ ಹೆಸರಿನ ಅಪರಾಧದೊಳಗೆ ಬರುವುದಿಲ್ಲ. ಅಂಥ ದೂರು ಕಿವಿಗೆ ಬಿದ್ದರೆ ವೈದ್ಯರಿಗೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ, ಯಾರಿಗೆ ತಿಳಿಸುತ್ತೀರೆಂದು ಮೊದಲೇ ನಿರ್ಧರಿಸಿ, ಕೈದಿಗೂ ಆರಂಭದಲ್ಲೇ ಹೇಳಿ. ಸಿಬ್ಬಂದಿಯ ಬಗ್ಗೆ ಪ್ರತ್ಯೇಕವಾಗಿ ಕೇಳಿ: ಅಧಿಕಾರ ಬಳಸಿ ಮಹಿಳಾ ಕೈದಿಯನ್ನು ಪುಸಲಾಯಿಸಿ ಲೈಂಗಿಕ ಸಂಪರ್ಕ ನಡೆಸಿದರೆ ಆಕೆ ಒಪ್ಪಿದ್ದರೂ ಅದೇ ಸಂಹಿತೆಯ ಸೆಕ್ಷನ್ 68ರಡಿ ಅಪರಾಧ.

ಪ್ರಶ್ನೆ: ಹಿರಿಯಡ್ಕದ ಜೈಲಿನಲ್ಲಿರುವ ಗಂಡನನ್ನು ಖಾಸಗಿಯಾಗಿ ಭೇಟಿಯಾಗುವ ಅವಕಾಶ ಉಂಟಾ?
– ಓದುಗರು, ಉಡುಪಿ

ಉತ್ತರ: ಕರ್ನಾಟಕದಲ್ಲಿ ಇಲ್ಲ. ಪಂಜಾಬಿನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು, ಒಂದು ಭೇಟಿಗೆ 2 ಗಂಟೆ. ಶಿಕ್ಷೆಯಾಗಿದ್ದರೆ ಪೆರೋಲ್‌ಗೆ ಅರ್ಜಿ ಹಾಕಬಹುದು. ಕೇಸು ಇನ್ನೂ ನಡೆಯುತ್ತಿದ್ದರೆ ಜಾಮೀನೇ ದಾರಿ.