ಹಸಿವಿಲ್ಲದ ಕ್ರಿಸ್‌ಮಸ್

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರು ತಮ್ಮ ಒಂಬತ್ತು ವರ್ಷದ ಮಗಳಿಗೆ ಕೊಡಿಸಿದ ಕ್ರಿಸ್‌ಮಸ್ ಕಥಾಸಂಕಲನದ ಬಗ್ಗೆ ಬರೆದಿದ್ದಾರೆ. ಹೆಸರಾಂತ ಹಳೆಯ ಮಕ್ಕಳ ಪುಸ್ತಕಗಳ ಪಾತ್ರಗಳನ್ನು ಇಟ್ಟುಕೊಂಡು, ಅವುಗಳಿಂದ ‘ಸ್ಫೂರ್ತಿ’ ಪಡೆದು ಇಂದಿನ ಲೇಖಕರು ಹೆಣೆದ ಹೊಸ ಕಥೆಗಳು ಅದರಲ್ಲಿವೆ. ಮಗು ಎರಡೇ ದಿನದಲ್ಲಿ ಓದಿ ಮುಗಿಸಿದೆ. ‘ಮೂಲ ಪುಸ್ತಕಗಳ ಭಾಷೆ ಹಳೆಯದು, ದುಃಖವೂ ಹೆಚ್ಚು. ಇಂತಹ ಸಂಕಲನಗಳೇ ಮೊದಲ ಮೆಟ್ಟಿಲಾಗಬಾರದೇಕೆ?’ ಎಂದು ಕೇಳಿ, ಅದರ ಎರಡು ಕಥೆಗಳ ಕನ್ನಡ ಅನುವಾದವನ್ನೂ ಪ್ರಕಟಣೆಗೆಂದು ಕಳುಹಿಸಿದ್ದಾರೆ.

ಮಾನ್ಯರೇ,

ನಿಮ್ಮ ಕನ್ನಡ ಅಚ್ಚುಕಟ್ಟಾಗಿದೆ. ದೂರದ ದೇಶದಲ್ಲಿ ಮನೆಗೆಲಸ, ಉದ್ಯೋಗಗಳ ನಡುವೆ ಬಿಡುವು ಮಾಡಿಕೊಂಡು ಮಗಳಿಗಾಗಿ ಅನುವಾದಕ್ಕೆ ಕೂರುವ ತಾಯಿಯ ಮೇಲೆ ನನಗೆ ಗೌರವವಿದೆ. ಆ ಗೌರವದ ಸಲುಗೆಯಿಂದಲೇ ನಿಮ್ಮೊಡನೆ ಸ್ವಲ್ಪ ಜಗಳವಾಡುತ್ತೇನೆ.

ಹಳೆಯ ಕಥೆಯನ್ನು ಹೊಸಬರು ಮುಟ್ಟಲೇಬಾರದೆಂಬ ಮಡಿ ನನಗಿಲ್ಲ. ಹಾಫ್‌ಮನ್ 1816ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ನಟ್‌ಕ್ರ್ಯಾಕರ್ ಕಥೆಯನ್ನು 1844ರಲ್ಲಿ ಅಲೆಕ್ಸಾಂಡರ್ ಡ್ಯೂಮಾ ಫ್ರೆಂಚಿನಲ್ಲಿ ತಿರುಗಿ ಹೇಳಿದ. ಚೈಕೋವ್‌ಸ್ಕಿಯ 1892ರ ಬ್ಯಾಲೆ ನೃತ್ಯನಾಟಕಕ್ಕೆ ಆಧಾರವಾದದ್ದು ಡ್ಯೂಮಾ ಹೇಳಿದ ಕಥೆಯೇ. ನಿಮ್ಮ ಪಕ್ಷಕ್ಕೆ ಇಷ್ಟು ಸಾಕ್ಷಿಯನ್ನು ನಾನೇ ಒದಗಿಸಿದಂತಾಯಿತು.

ಈಗ ನೀವು ಕಳುಹಿಸಿದ ಮೊದಲನೆಯ ಕಥೆಗೆ ಬರೋಣ. ಅದರಲ್ಲಿ ಮೋಲ್ (ನೆಲದಡಿ ಬಿಲ ತೋಡಿ ಬದುಕುವ ಪುಟ್ಟ ಪ್ರಾಣಿ) ಮತ್ತು ನೀರಿಲಿ ಸೇರಿ ಮರ ಸಿಂಗರಿಸುತ್ತವೆ, ಕೇಕು ತಿನ್ನುತ್ತವೆ, ಉಡುಗೊರೆ ಹಂಚಿ ಮಲಗುತ್ತವೆ. ಕೆನೆತ್ ಗ್ರಹಾಂ 1908ರ ‘ದ ವಿಂಡ್ ಇನ್ ದ ವಿಲೋಸ್’ ಪುಸ್ತಕದ ಐದನೆಯ ಅಧ್ಯಾಯದಲ್ಲಿ ಇವೇ ಎರಡು ಪ್ರಾಣಿಗಳನ್ನು ಇದೇ ಡಿಸೆಂಬರಿನ ಕತ್ತಲಲ್ಲಿ ನಡೆಸಿಕೊಂಡು ಹೋಗುವ ಬಗೆಯೇ ಬೇರೆ. ದಾರಿಯಲ್ಲಿ ಮೋಲ್‌ನ ಮೂಗಿಗೆ ತಾನು ಬಿಟ್ಟುಬಂದ ಹಳೆಯ ಮನೆಯ ವಾಸನೆ ಬಡಿಯುತ್ತದೆ. ಮುಂದೆ ಹೋಗುತ್ತಿರುವ ನೀರಿಲಿಗೆ ಅದರ ಕೂಗು ಸರಿಯಾಗಿ ಕೇಳಿಸುವುದಿಲ್ಲ. ಗೆಳೆಯನನ್ನು ಬಿಡಲಾರದೆ ಮೋಲ್ ಹಿಂದೆಯೇ ನಡೆಯುತ್ತದೆ, ಕೊನೆಗೆ ತಡೆಯಲಾರದೆ ಅತ್ತುಬಿಡುತ್ತದೆ. ಇಬ್ಬರೂ ಹಿಂತಿರುಗಿ ಆ ಮನೆಯನ್ನು ಹುಡುಕಿ ಒಳಹೊಕ್ಕರೆ ಅಲ್ಲಿ ಧೂಳು, ಚಳಿ. ಉಣ್ಣಲು ಏನೂ ಇಲ್ಲವೆಂದು ಮೋಲ್ ಕುಸಿದು ಕೂರುತ್ತದೆ. ನೀರಿಲಿ ಮನೆಯೆಲ್ಲ ತಡಕಾಡಿ ಒಂದು ಡಬ್ಬಿ ಸಾರ್ಡೀನ್ ಮೀನು, ಒಂದಿಷ್ಟು ಗಟ್ಟಿ ಬಿಸ್ಕತ್ತು, ಬೆಳ್ಳಿ ಕಾಗದ ಸುತ್ತಿದ ಒಂದು ಜರ್ಮನ್ ಸಾಸೇಜನ್ನು ಹೊರತೆಗೆಯುತ್ತದೆ. ಅಷ್ಟರಲ್ಲಿ ಬಾಗಿಲಲ್ಲಿ ಕೆಂಪು ಉಣ್ಣೆಯ ಕೊರಳಪಟ್ಟಿ ಸುತ್ತಿಕೊಂಡ ಹೊಲದ ಇಲಿಮರಿಗಳು ಕ್ಯಾರೊಲ್ ಹಾಡುತ್ತವೆ. ಹಾಡಲು ಬಂದ ಮಕ್ಕಳಿಗೆ ಕೊಡಲು ಮನೆಯಲ್ಲಿ ಏನೂ ಇಲ್ಲದ ಬಡವನ ನಾಚಿಕೆಯನ್ನು ಇದಕ್ಕಿಂತ ಚೆನ್ನಾಗಿ ಬರೆದದ್ದನ್ನು ನಾನು ಓದಿಲ್ಲ.

ಈ ಅಧ್ಯಾಯ ನನಗೆ ಸಿಕ್ಕಿದ್ದೇ ತಡವಾಗಿ. ಶಾಲೆಯಲ್ಲಿ ಬಹುಮಾನವಾಗಿ ಬಂದ ಸಂಕ್ಷಿಪ್ತ ಪ್ರತಿಯಲ್ಲಿ ಅದು ಇರಲೇ ಇಲ್ಲ. ಅದೇ ಪುಸ್ತಕದ ಇನ್ನೊಂದು ಪಾತ್ರವಾದ ಕಪ್ಪೆರಾಯನ ಮೋಟಾರು ಕಾರಿನ ಗದ್ದಲಕ್ಕೆ ಅದರಿಂದ ಉಪಯೋಗವಿಲ್ಲವೆಂದು ಯಾರೋ ಪುಣ್ಯಾತ್ಮರು ಕತ್ತರಿ ಹಾಕಿದ್ದರು. ನಲವತ್ತು ದಾಟಿದ ಮೇಲೆ ಪೂರ್ತಿ ಪುಸ್ತಕ ಕೈಗೆ ಬಂದಾಗ, ಮೂವತ್ತು ವರ್ಷ ನನ್ನನ್ನು ಮೋಸಗೊಳಿಸಿದ್ದಾರೆಂದು ನಿಜಕ್ಕೂ ಸಿಟ್ಟು ಬಂದಿತು. ಆ ಸಿಟ್ಟು ಈ ಉತ್ತರದಲ್ಲಿಯೂ ಇಣುಕುತ್ತಿದ್ದರೆ ಕ್ಷಮಿಸಿ.

ದುಃಖ ಹೆಚ್ಚು ಎನ್ನುತ್ತೀರಿ. 1843ರ ಡಿಸೆಂಬರ್ 19ರಂದು ಹೊರಬಂದ ‘ಎ ಕ್ರಿಸ್‌ಮಸ್ ಕ್ಯಾರಲ್’ ಹುಟ್ಟಿದ್ದೇ ದುಡಿಯುವ ಮಕ್ಕಳ ಸ್ಥಿತಿಗತಿಯ ಕುರಿತ ಸರ್ಕಾರಿ ವರದಿಯನ್ನು ಓದಿದ ಡಿಕನ್ಸ್‌ನ ಕುದಿತದಿಂದ. ಮೊದಲು ಕರಪತ್ರ ಬರೆಯಹೊರಟವನು ಆಮೇಲೆ ಕಥೆಯತ್ತ ತಿರುಗಿದ. ಅವನೇ ಹನ್ನೆರಡನೆಯ ವಯಸ್ಸಿನಲ್ಲಿ, ತಂದೆ ಸಾಲಕ್ಕಾಗಿ ಸೆರೆಯಲ್ಲಿದ್ದಾಗ, ಬೂಟುಪಾಲಿಶ್ ಡಬ್ಬಿಗಳಿಗೆ ಚೀಟಿ ಅಂಟಿಸಿದವನು. ಕಥೆಯಲ್ಲಿ ಭೂತವೊಂದು ತನ್ನ ನಿಲುವಂಗಿಯ ಮಡಿಕೆ ಸರಿಸಿ ಅಜ್ಞಾನ ಮತ್ತು ಕೊರತೆ ಎಂಬ ಎರಡು ಬಡಕಲು ಮಕ್ಕಳನ್ನು ತೋರಿಸುತ್ತದೆ. ಇಂದಿನ ಸಂಕಲನಗಳಲ್ಲಿ ಅದೇ ಕಥೆಯ ಕಾಲು ಊನವಾದ ಬಡ ಹುಡುಗ ಟೈನಿ ಟಿಮ್‌ನ ಊರುಗೋಲು ಉಳಿದಿದೆ, ಈ ಇಬ್ಬರು ಮಕ್ಕಳು ಕಾಣೆಯಾಗಿದ್ದಾರೆ. ಲೂಯಿಸಾ ಮೇ ಆಲ್ಕಾಟ್ ಬರೆದ ‘ಲಿಟಲ್ ವಿಮೆನ್’ ಕಾದಂಬರಿಯ ಹುಡುಗಿಯರು ಹಬ್ಬದ ಬೆಳಗಿನ ತಿಂಡಿಯನ್ನು ಹಸಿದ ನೆರೆಮನೆಗೆ ಹೊತ್ತು ನಡೆದ ಪ್ರಸಂಗಕ್ಕೂ ಇದೇ ಗತಿ.

‘ಸ್ಫೂರ್ತಿ’ ಎಂಬ ಮಾತಿಗೂ ಒಂದು ಹಿಂದಿನ ಚರಿತ್ರೆಯಿದೆ. ಕ್ಯಾರಲ್ ಅಚ್ಚಾದ ಮರು ತಿಂಗಳೇ ಲಂಡನ್ನಿನ ಒಂದು ಅಗ್ಗದ ಪತ್ರಿಕೆ ಅದನ್ನು ‘ಮೂಲದಿಂದ ಮರುಸೃಷ್ಟಿ’ ಎಂದು ಹೆಸರಿಟ್ಟು ಮಾರಿತು. ಡಿಕನ್ಸ್ ನ್ಯಾಯಾಲಯಕ್ಕೆ ಹೋದಾಗ ಪತ್ರಿಕೆಯವರು, ಟೈನಿ ಟಿಮ್ ಹಾಡಿದನೆಂದಷ್ಟೇ ಮೂಲದಲ್ಲಿದೆ, ನಾವು ಅರವತ್ತು ಸಾಲಿನ ಹಾಡನ್ನೇ ಬರೆದು ಸೇರಿಸಿ ಕಥೆಯನ್ನು ಉತ್ತಮಗೊಳಿಸಿದ್ದೇವೆ ಎಂದು ವಾದಿಸಿದರಂತೆ! ಡಿಕನ್ಸ್ ಗೆದ್ದ, ಸೋತವರು ದಿವಾಳಿಯೆದ್ದರು, ಸುಮಾರು 700 ಪೌಂಡುಗಳ ಖರ್ಚು ಗೆದ್ದವನ ತಲೆಗೇ ಬಂತು. ಇಂದು ಅಷ್ಟು ತೊಂದರೆಯೂ ಇಲ್ಲ. ಸತ್ತ ಲೇಖಕರು ದಾವೆ ಹೂಡುವುದಿಲ್ಲ, ಅವರ ಪಾತ್ರಗಳಿಗೆ ಗೌರವಧನ ಕೊಡಬೇಕಿಲ್ಲ. ಅಕ್ಟೋಬರಿನಲ್ಲಿ ಹೊಂಬಣ್ಣದ ರಟ್ಟು ಹೊದ್ದು ಅಂಗಡಿಗೆ ಬಂದು, ಜನವರಿಯಲ್ಲಿ ಅರ್ಧ ಬೆಲೆಗೆ ಇಳಿಯುವ ಈ ಸರಕನ್ನು ಕೊಳ್ಳುವವರು ಮಕ್ಕಳಲ್ಲ, ಉಡುಗೊರೆ ಹುಡುಕುತ್ತಿರುವ ದೊಡ್ಡವರು. ಮಕ್ಕಳು ಅಳಬಾರದೆಂಬ ಭಯವೂ ಈ ದೊಡ್ಡವರದೇ.

ಮೆಟ್ಟಿಲಿನ ಮಾತಿಗೂ ಉತ್ತರ ಹೇಳಬೇಕಲ್ಲ. ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ 1901ರ ಕ್ರಿಸ್‌ಮಸ್‌ಗೆ ಕಾಯಿಲೆಯಿಂದಿದ್ದ ಒಬ್ಬ ಹುಡುಗಿಗೆ ಗ್ಲೌಸ್ಟರಿನ ದರ್ಜಿಯ ಕಥೆಯನ್ನು ಬರೆದುಕೊಟ್ಟಳು. ಜ್ವರದಿಂದ ಮಲಗಿದ ದರ್ಜಿಗಾಗಿ ಇಲಿಗಳು ರಾತ್ರಿ ಕೂತು ಮೇಯರನ ಮದುವೆಯ ಉಡುಪನ್ನು ಹೊಲಿದು, ನೂಲು ಸಾಲದೆ ಒಂದೇ ಒಂದು ಗುಂಡಿಯ ಕಾಜಾ ಬಿಟ್ಟಿರುತ್ತವೆ. ಬಡತನ, ಜ್ವರ, ನೂಲಿನ ಕೊರತೆ ಎಲ್ಲವೂ ಇರುವ ಈ ಕಥೆಯನ್ನು ನಿಮ್ಮ ಮಗಳು ಒಂದೇ ಸಂಜೆಯಲ್ಲಿ ಓದಿಯಾಳು. ಇದಕ್ಕಿಂತ ತಗ್ಗಿನ ಮೆಟ್ಟಿಲು ಇನ್ನೇನು ಬೇಕು?

ನಿಮ್ಮ ಎರಡೂ ಅನುವಾದಗಳನ್ನು ವಿಷಾದದಿಂದ ಹಿಂತಿರುಗಿಸುತ್ತಿದ್ದೇನೆ. ಬದಲಿಗೆ ಗ್ರಹಾಂನ ಐದನೆಯ ಅಧ್ಯಾಯವನ್ನು ಪೂರ್ತಿಯಾಗಿ ಕನ್ನಡಿಸಿ ಕಳುಹಿಸಿ. ಅವನು ತೀರಿಕೊಂಡದ್ದು 1932ರಲ್ಲಿ, ಹಕ್ಕುಸ್ವಾಮ್ಯದ ತೊಡಕಿಲ್ಲ. ಜರ್ಮನ್ ಸಾಸೇಜನ್ನು ಕನ್ನಡದಲ್ಲಿ ಏನೆಂದು ಕರೆಯುವಿರೋ ನಿಮಗೆ ಬಿಟ್ಟದ್ದು. ಅದನ್ನು ಕೈಬಿಡಬೇಡಿ ಅಷ್ಟೆ. ನೀರಿಲಿ ಬಹಳ ಕಷ್ಟಪಟ್ಟು ಹುಡುಕಿದ್ದು ಅದು.

— ಸಂಪಾದಕ