ಮೂರು ನಿಮಿಷ ತಡವಾದರೆ ಏನಾಯ್ತು?

ಪ್ರಶ್ನೆ: ಊರು ವಿಜಯಪುರ. ಬಾರಾಮತಿಯಲ್ಲಿ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಕಲಿಯುತ್ತಿದ್ದೇನೆ. ಮುಂದಿನ ವಾರ ಸೆಸ್ನಾ 152 ಎಂಬ ಪುಟ್ಟ ವಿಮಾನದಲ್ಲಿ ಕೊಲ್ಹಾಪುರಕ್ಕೆ ಸೋಲೋ ಕ್ರಾಸ್ ಕಂಟ್ರಿ, ಅಂದರೆ ಜೊತೆಗೆ ಯಾರೂ ಇಲ್ಲದೆ ಊರಿಂದ ಊರಿಗೆ ಹಾರಾಟ. 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ) ವೇಗದಲ್ಲಿ ಹೋಗಿ ಬರಲು 127 ನಿಮಿಷ. ಗಂಟೆಗೆ 6 ಗ್ಯಾಲನ್ ಇಂಧನ. ಅರ್ಧ ಗಂಟೆ ರಿಸರ್ವ್ (ಮೀಸಲು ಇಂಧನ) ಸೇರಿಸಿದರೂ 60 ಲೀಟರ್ ಸಾಕಲ್ವಾ ಸರ್? ಗಾಳಿ ಹೋಗುವಾಗ ಎದುರು ಬಂದರೆ ಬರುವಾಗ ಬೆನ್ನಿಗೆ ಇರುತ್ತೆ, ಸರಿಹೋಗುತ್ತೆ ಅಂತಾರೆ ಸೀನಿಯರ್‌ಗಳು.

ಉತ್ತರ: ಸಾಲದು. ‘ಸರಿಹೋಗುತ್ತೆ’ ಅನ್ನುವ ಆ ಸೀನಿಯರ್‌ಗಳನ್ನು ಕೂರಿಸಿ ಒಂದು ಭಾಗಾಕಾರ ಮಾಡಿಸಿ.

ಬಾರಾಮತಿಯಿಂದ ಕೊಲ್ಹಾಪುರ ಸುಮಾರು 95 ನಾಟಿಕಲ್ ಮೈಲಿ. ಗಾಳಿ ಇಲ್ಲದಿದ್ದರೆ ನಿಮ್ಮ 127 ನಿಮಿಷ ಸರಿಯೇ. ಈಗ 20 ನಾಟ್ ಎದುರುಗಾಳಿ ಇಡಿ. ಹೋಗುವಾಗ ನೆಲದ ಮೇಲಿನ ವೇಗ 70. ಅಂದರೆ 81 ನಿಮಿಷ. ಬರುವಾಗ 110. ಅಂದರೆ 52 ನಿಮಿಷ. ಒಟ್ಟು 133. ನಿಧಾನ ಹೋಗುವಾಗ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಬೇಗ ಬರುವಾಗ ಕಡಿಮೆ ಹೊತ್ತು. ಹಾಗಾಗಿ ಗಾಳಿ ಕಿತ್ತುಕೊಂಡಷ್ಟನ್ನು ವಾಪಸ್ ಕೊಡಲ್ಲ. ಪಕ್ಕದಿಂದ ಬೀಸಿದರೂ ಮೂಗು ತಿರುಗಿಸಿಕೊಂಡು ಹಾರಬೇಕು, ಅಲ್ಲೂ ಸ್ವಲ್ಪ ವೇಗ ಹೋಗುತ್ತೆ.

ಆರು ನಿಮಿಷ ತಾನೇ, ಅಂತೀರಿ. ಇರಲಿ, ಇಂಧನಕ್ಕೆ ಬರೋಣ.

ಗಂಟೆಗೆ 6 ಗ್ಯಾಲನ್ ಅನ್ನೋದು ಪುಸ್ತಕದ ಲೆಕ್ಕ. ಮಿಕ್ಸ್ಚರ್ ಸರಿಯಾಗಿ ಲೀನ್ ಮಾಡಿದಾಗ, ಅಂದರೆ ಗಾಳಿಗೆ ಬೆರೆಯುವ ಇಂಧನ ತಗ್ಗಿಸಿದಾಗ, ಬರುವ ಲೆಕ್ಕ ಅದು. ಸೋಲೋ ಹೋಗುವ ಹುಡುಗರು ಅದರ ಕೆಂಪು ನಾಬ್ ಮುಟ್ಟಲು ಹೆದರಿ ಪೂರ್ತಿ ರಿಚ್‌ನಲ್ಲೇ ಹೋಗಿ ಬರುತ್ತಾರೆ. ಆಗ 7 ಗ್ಯಾಲನ್ ಆದರೂ ಆಶ್ಚರ್ಯವಿಲ್ಲ. ಗ್ಯಾಲನ್ನಿಗೆ 3.785 ಲೀಟರ್. ಅಂದರೆ ಗಂಟೆಗೆ ಸುಮಾರು 26.5 ಲೀಟರ್. ನಿಮ್ಮ 60 ಲೀಟರ್ 136 ನಿಮಿಷಕ್ಕೆ ಮುಗಿಯಿತು. ಸ್ಟಾರ್ಟ್, ಟ್ಯಾಕ್ಸಿ, ಟೇಕಾಫ್‌ಗೆ ಪುಸ್ತಕವೇ 0.8 ಗ್ಯಾಲನ್ ಕೊಡುತ್ತದೆ, ಹತ್ತಿರ ಹತ್ತಿರ 3 ಲೀಟರ್. ಅದನ್ನು ಕಳೆದರೆ 129 ನಿಮಿಷ. ಹಾರಾಟ 133 ನಿಮಿಷದ್ದು. ಕೊಲ್ಹಾಪುರದಲ್ಲಿ ಮತ್ತೆ ಸ್ಟಾರ್ಟ್ ಮಾಡಿದ್ದನ್ನು ನಾನಿನ್ನೂ ಸೇರಿಸಿಲ್ಲ.

ನಿಮ್ಮ ರಿಸರ್ವ್ ಎಲ್ಲಿದೆ ಈಗ? ಕಾಗದದ ಮೇಲಿದೆ.

ಕೊಲ್ಹಾಪುರದಲ್ಲಿ ತುಂಬಿಸಿಕೊಳ್ಳುತ್ತೇನೆ ಅನ್ನುವುದು ಮುಂದಿನ ಮಾತು, ನನಗೆ ಗೊತ್ತು. ಮೊದಲು ಫೋನ್ ಮಾಡಿ. ಏರ್‌ಲೈನ್ ವಿಮಾನಗಳು ಬರುವ ಜಾಗದಲ್ಲೆಲ್ಲ ನಿಮಗೆ ಬೇಕಾದ ಇಂಧನ ಇರುತ್ತದೆ ಅಂದುಕೊಳ್ಳಬೇಡಿ. ಅವರು ಕುಡಿಯುವುದು ಎಟಿಎಫ್, ಜೆಟ್ ಇಂಧನ. ನಿಮ್ಮ ಪಿಸ್ಟನ್ ಎಂಜಿನ್‌ಗೆ ಬೇಕಾದ್ದು ಏವ್‌ಗ್ಯಾಸ್ 100 ಎಲ್‌ಎಲ್, ನೀಲಿ ಬಣ್ಣದ್ದು. ಟ್ಯಾಂಕಿನಿಂದ ಸ್ವಲ್ಪ ಡ್ರೈನ್ ಮಾಡಿದಾಗ ನೀಲಿ ಕಾಣದಿದ್ದರೆ ವಿಮಾನದಿಂದ ದೂರ ನಿಂತು ಎಂಜಿನಿಯರನ್ನು ಕರೆಯಿರಿ.

ಇನ್ನು ಲೀಟರ್–ಗ್ಯಾಲನ್ ಗೊಂದಲ. ಇಲ್ಲಿ ಇಂಧನ ಹಾಕುವುದು ಲೀಟರ್‌ನಲ್ಲಿ, ಪುಸ್ತಕ ಇರುವುದು ಗ್ಯಾಲನ್‌ನಲ್ಲಿ, ತೂಕದ ಲೆಕ್ಕ ಪೌಂಡ್‌ನಲ್ಲಿ. 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ಆಕಾಶದಲ್ಲೇ ಇಂಧನ ಮುಗಿದು ಗಿಮ್ಲಿ ಎಂಬಲ್ಲಿ ಎಂಜಿನ್ ಇಲ್ಲದೆ ಇಳಿಯಿತು. ಕಿಲೋ ಬೇಕಾದ ಕಡೆ ಪೌಂಡ್ ಲೆಕ್ಕ ಹಿಡಿದಿದ್ದರು. ಅಷ್ಟು ಅನುಭವಿಗಳಿಗೇ ಹೀಗಾಯ್ತು. ನೀವು ಪ್ರತಿ ಸಂಖ್ಯೆಯ ಮುಂದೆ ಅಳತೆ ಬರೆಯಿರಿ. ಗೇಜ್ ನಂಬಬೇಡಿ, ಕಡ್ಡಿ ಇಳಿಸಿ ನೋಡಿ.

ಹಗಲಿನ ವಿಎಫ್‌ಆರ್‌ಗೆ (ಹೊರಗೆ ಕಣ್ಣಿಂದ ನೋಡಿಕೊಂಡು ಹಾರುವುದಕ್ಕೆ) 30 ನಿಮಿಷದ ರಿಸರ್ವ್ ಸಾಕು ಅನ್ನುತ್ತದೆ ನಿಯಮ. ನನ್ನ ವಿದ್ಯಾರ್ಥಿಗಳಿಗೆ ಒಂದು ಗಂಟೆ. ಜಾಸ್ತಿ ಅನ್ನಿಸಿದರೆ ಬೇರೆಯವರ ಹತ್ತಿರ ಸಹಿ ಹಾಕಿಸಿಕೊಳ್ಳಿ. ನಿಮ್ಮ ಈ ಹಾರಾಟಕ್ಕೆ ಟ್ಯಾಂಕ್ ತುಂಬಿಸಿ. 152ರಲ್ಲಿ ಬಳಸಬಹುದಾದ್ದು 24.5 ಗ್ಯಾಲನ್, ಅಂದರೆ ಸುಮಾರು 92 ಲೀಟರ್. ಒಬ್ಬರೇ ಹೋಗುತ್ತಿದ್ದೀರಿ, ತೂಕದ ತೊಂದರೆ ಬರಬಾರದು. ಆದರೂ ಲೋಡ್ ಶೀಟ್ ಮಾಡಿ.

ಈಗ ನಿಜವಾದ ವಿಷಯ. ಎಷ್ಟೇ ತುಂಬಿಸಿದರೂ ಗಾಳಿ ಎಷ್ಟಿದೆ ಅಂತ ಮೇಲೆ ಹೋದ ಮೇಲೇ ಗೊತ್ತಾಗೋದು. ಗೊತ್ತಾಗುವುದು ಹೇಗೆ? ಗಡಿಯಾರದಿಂದ. ನಿಮ್ಮ ದಾರಿಯಲ್ಲಿ ಫಲ್ಟಣ ಬಲಕ್ಕೆ ಬರುತ್ತದೆ, ಆಮೇಲೆ ಮಹಾದೇವ ಬೆಟ್ಟಸಾಲು ದಾಟುತ್ತಿದ್ದಂತೆ ದಹಿವಡಿ ಎಡಕ್ಕೆ, ಮುಂದೆ ವಿಟಾ ಎಡಕ್ಕೆ, ಕೊನೆಗೆ ಕೃಷ್ಣಾ ನದಿ. ಬಾರಾಮತಿಯಿಂದ ಫಲ್ಟಣದ ತನಕದ ಸಮಯ ಲೆಕ್ಕಕ್ಕಿಲ್ಲ, ಅದರಲ್ಲಿ ಕ್ಲೈಂಬ್ ಸೇರಿದೆ. ಫಲ್ಟಣ ಪಕ್ಕಕ್ಕೆ ಬಂದಾಗ ಗಡಿಯಾರ ಒತ್ತಿ, ದಹಿವಡಿ ಪಕ್ಕಕ್ಕೆ ಬಂದಾಗ ನೋಡಿ. ನಡುವೆ ಸುಮಾರು 16 ನಾಟಿಕಲ್ ಮೈಲಿ. ನಿಮ್ಮ ಲಾಗ್‌ನಲ್ಲಿ (ದಾರಿಯ ಲೆಕ್ಕ ಬರೆದಿಟ್ಟ ಹಾಳೆಯಲ್ಲಿ) 11 ನಿಮಿಷ ಇರುತ್ತದೆ. 14 ಆಯಿತು ಅನ್ನಿ.

ಇಲ್ಲೇ ಎಲ್ಲರೂ ನಕ್ಕು ಮುಂದೆ ಹೋಗುವುದು. ಮೂರು ನಿಮಿಷ, ಪೆನ್ ಹುಡುಕುವಷ್ಟರಲ್ಲಿ ಹೋಯ್ತು ಅಂತ. ಆ ಮೂರು ನಿಮಿಷವೇ 20 ನಾಟ್ ಕಣ್ರೀ! 11ರಲ್ಲಿ ಬಂದಿದ್ದರೆ 90, 14 ಅಂದರೆ 70 ಕೂಡ ಇಲ್ಲ. ಮುಂದಿನ ಗುರುತುಗಳ ಸಮಯವನ್ನೆಲ್ಲ ಅಲ್ಲೇ ತಿದ್ದಿ. ತಿದ್ದಿದ ಮೇಲೆ ಕೊಲ್ಹಾಪುರದಲ್ಲಿ ಇಳಿದಾಗ ಉಳಿಯುವ ಇಂಧನ, ವಾಪಸ್ ದಾರಿಗೆ ಬೇಕಾದ್ದು, ಅದರ ಮೇಲೆ ಒಂದು ಗಂಟೆ, ಇಷ್ಟೂ ಸಿಗದಿದ್ದರೆ ದಹಿವಡಿಯಲ್ಲೇ ತಿರುಗಿ. ಅಲ್ಲಿಂದ ಬಾರಾಮತಿಗೆ ಬೆನ್ನಗಾಳಿಯಲ್ಲಿ ಹದಿನೇಳು–ಹದಿನೆಂಟು ನಿಮಿಷದ ದಾರಿ. ಎಷ್ಟು ತಡವಾದರೆ ತಿರುಗುತ್ತೇನೆ ಅನ್ನುವುದನ್ನು ನೆಲದ ಮೇಲೇ ಲಾಗ್‌ನಲ್ಲಿ ಬರೆದಿಡಿ. ಮೇಲೆ ಹೋದ ಮೇಲೆ ಮನಸ್ಸು ಕೊಲ್ಹಾಪುರದ ಪರವಾಗಿಯೇ ವಾದ ಮಾಡುತ್ತೆ.

ಎಡಿಸಿ (ವಾಯು ರಕ್ಷಣಾ ಅನುಮತಿ), ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್, ನೋಟಮ್ (ಪೈಲಟರಿಗೆ ಕೊಡುವ ಸೂಚನೆ), ಕೊಲ್ಹಾಪುರದ ವಾಚ್ ಅವರ್ಸ್ (ನಿಲ್ದಾಣ ಕೆಲಸ ಮಾಡುವ ವೇಳೆ) ಇವೆಲ್ಲ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮುಂದಿನ ವಾರ ಹೋಗಬೇಡಿ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ರೆಡಿಮೇಡ್ ನ್ಯಾವ್ ಲಾಗ್ ಮಾರುತ್ತಾರೆ. ತಗೊಳ್ಳಬಹುದಾ? (ಪಿಂಪ್ರಿ)

ಉತ್ತರ: ಅದರಲ್ಲಿರುವುದು ಯಾವತ್ತಿನ ಗಾಳಿ ಅಂತ ಮಾರುವವನನ್ನು ಕೇಳಿ. ಉತ್ತರ ಬರಲ್ಲ. ಇವರು ಗಿಳಿಶಾಸ್ತ್ರದವರಿಗಿಂತ ಕೆಟ್ಟವರು, ಗಿಳಿಯಾದರೂ ನಿಮ್ಮನ್ನು ನೋಡಿ ಚೀಟಿ ತೆಗೆಯುತ್ತೆ.

ಪ್ರಶ್ನೆ: ಐಪ್ಯಾಡ್ ಇರುವಾಗ ಕೈಲೆಕ್ಕ ಯಾಕೆ?

ಉತ್ತರ: ಏಪ್ರಿಲ್ ಬಿಸಿಲಲ್ಲಿ ಅದನ್ನು ಕಾಕ್‌ಪಿಟ್‌ನಲ್ಲಿ ಒಂದು ಗಂಟೆ ಇಟ್ಟು ನೋಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಬೆಳಗಾವಿಗೆ ಹೋಗಬೇಕು. ಮಧ್ಯಾಹ್ನ ಹೊರಟರೆ ತೊಂದರೆಯೇ? (ಫೋಂಡಾ, ಗೋವಾ)

ಉತ್ತರ: ಬೆಳಗಾವಿ 2,487 ಅಡಿ ಎತ್ತರದಲ್ಲಿದೆ. ಅಲ್ಲಿ ‘ಸ್ಟ್ಯಾಂಡರ್ಡ್’ ತಾಪಮಾನ 10 ಡಿಗ್ರಿ. 37 ಡಿಗ್ರಿ ಇದ್ದ ದಿನ ಡೆನ್ಸಿಟಿ ಆಲ್ಟಿಟ್ಯೂಡ್ ಸುಮಾರು 5,700 ಅಡಿ, ಅಂದರೆ ಅಷ್ಟು ಎತ್ತರದಲ್ಲಿ ಇರುವಷ್ಟು ತೆಳು ಗಾಳಿ. ನೀವು ಕಲಿತ ಸಮುದ್ರಮಟ್ಟದ ಟೇಕಾಫ್ ಅಲ್ಲಿ ಬರಲ್ಲ. ಬೆಳಿಗ್ಗೆ ಹೋಗಿ, ಬೆಳಿಗ್ಗೆಯೇ ಬನ್ನಿ.

ಪ್ರಶ್ನೆ: 150 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿಯಲ್ಲಿ ಟಚ್ ಆ್ಯಂಡ್ ಗೋ (ಇಳಿದು ನಿಲ್ಲದೆ ಮತ್ತೆ ಏರುವುದು) ನಡೆಯುತ್ತಾ?

ಉತ್ತರ: ಇಲ್ಲ. ಎರಡು ಬೇರೆ ಬೇರೆ ಏರೋಡ್ರೋಮ್‌ಗಳಲ್ಲಿ ಪೂರ್ತಿ ನಿಲ್ಲಬೇಕು.

ಪ್ರಶ್ನೆ: ಮಗಳ ಮೊದಲ ಸೋಲೋ ಕ್ರಾಸ್ ಕಂಟ್ರಿ ರಾಹುಕಾಲದಲ್ಲಿ ಬಿದ್ದಿದೆ. ಸಮಯ ಬದಲಿಸಲು ಹೇಳಬಹುದೇ? ನಾನೂ ಜೊತೆಗೆ ಹೋಗಬಹುದೇ? (ಡೊಂಬಿವಲಿಯ ಒಬ್ಬ ತಾಯಿ)

ಉತ್ತರ: ಅಮ್ಮಾ, ಎರಡನೆಯದು ಖಂಡಿತ ಆಗಲ್ಲ. ಸ್ಟೂಡೆಂಟ್ ಲೈಸೆನ್ಸ್‌ನಲ್ಲಿ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಮೊದಲನೆಯದು ನಿಮಗೂ ಅವಳ ಇನ್‌ಸ್ಟ್ರಕ್ಟರ್‌ಗೂ ಬಿಟ್ಟಿದ್ದು. ಪಂಚಾಂಗ ಇರುವುದು ನಮ್ಮ ಸಮಯದಲ್ಲಿ, ಮೆಟಾರ್ (ನಿಲ್ದಾಣದ ಹವಾಮಾನ ವರದಿ) ಇರುವುದು ಯುಟಿಸಿಯಲ್ಲಿ, ಅಂದರೆ ವಿಶ್ವ ಸಮಯದಲ್ಲಿ. ಐದೂವರೆ ಗಂಟೆ ಸೇರಿಸಿ ಓದಿದ್ದಾಳಾ ಅಂತ ಮಾತ್ರ ಒಮ್ಮೆ ಕೇಳಿ.