ಕಬ್ಬಿಣಕ್ಕೂ ಕಲ್ಲಿಗೂ ಒಂದೇ ಬೆಂಚ್ ಗ್ರೈಂಡರ್ ಸಾಕೇ? ಯಾವ ಕಂಪನಿಯದು ಕೊಳ್ಳಲಿ?

ಸಿರುಗುಪ್ಪದಲ್ಲಿ ಸಣ್ಣ ಮಳಿಗೆ ಹಿಡಿದಿದ್ದೀರಿ, ಬಂಡವಾಳ ಕಡಿಮೆ, ಮೇಜಿಗೆ ಬಿಗಿಯುವ, ಎರಡು ಸಾಣೆ ಚಕ್ರಗಳ ಬೆಂಚ್ ಗ್ರೈಂಡರಿನ ಎಡ ಚಕ್ರದಲ್ಲಿ ಕಬ್ಬಿಣ, ಬಲ ಚಕ್ರದಲ್ಲಿ ಕಲ್ಲು ಉಜ್ಜಿ ಎರಡೂ ಬಗೆಯ ಗಿರಾಕಿಗಳನ್ನು ಹಿಡಿಯುವ ಯೋಚನೆ ನಿಮ್ಮದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಂಗಡಿ ತೆರೆದಾಗ ನಾನೂ ಇದೇ ಲೆಕ್ಕ ಹಾಕಿದ್ದೆ, ಅದೂ ಎರಡು ಚಕ್ರಗಳ ಖರ್ಚು ಕೂಡ ಬೇಡವೆಂದು ಒಂದೇ ಚಕ್ರದಲ್ಲಿ.

ನನ್ನ ಗಳಿಕೆಯೆಲ್ಲ ಕತ್ತರಿಗಳಿಂದ ಬರುತ್ತಿತ್ತು. ಜೀನ್ಸ್ ಹೊಲಿಯುವ ಘಟಕಗಳಿರುವ ಊರಿನಲ್ಲಿ ಸಾಣೆ ಹಿಡಿಯುವವನಿಗೆ ಕೆಲಸದ ಬರವಿಲ್ಲ, ಏಕೆಂದರೆ ದಪ್ಪ ಡೆನಿಮ್ ಬಟ್ಟೆ ಎಂಥ ಕತ್ತರಿಯ ಬಾಯನ್ನೂ ಬೇಗ ಮೊಂಡು ಮಾಡುತ್ತದೆ. ಒಂದು ಘಟಕದವರು ತಮ್ಮ ಕತ್ತರಿಗಳನ್ನೆಲ್ಲ ನನ್ನಲ್ಲಿಗೇ ಕಳುಹಿಸತೊಡಗಿದ್ದರು. ಆ ದಿನಗಳಲ್ಲೇ ಕಲ್ಲಿನ ಮೇಲೆ ಹೆಸರು ಕೆತ್ತುವ ಪರಿಚಯದವರೊಬ್ಬರು, ಮನೆಯ ಗೇಟಿಗೆ ಹಾಕುವ ಕರಿಕಲ್ಲಿನ ಫಲಕಗಳನ್ನು ತಂದು ಮೂಲೆಗಳನ್ನು ದುಂಡಗೆ ಮಾಡಿಕೊಡಿ ಎಂದರು. ಬೇರೆ ಚಕ್ರಕ್ಕೆ ಹಣ ಹಾಕುವುದೇಕೆ ಎಂದುಕೊಂಡು, ಕತ್ತರಿಗೆ ಬಳಸುತ್ತಿದ್ದ ಬೂದು ಚಕ್ರಕ್ಕೇ ಕಲ್ಲನ್ನು ಒತ್ತಿದೆ. ಮೊದಮೊದಲು ಕಲ್ಲು ಚೆನ್ನಾಗಿಯೇ ಸವೆಯಿತು. ಬರಬರುತ್ತಾ ಚಕ್ರದ ಮುಖ ನುಣುಪಾಗಿ ಹೊಳೆಯತೊಡಗಿತು, ಮತ್ತು ಆ ಹೊಳಪನ್ನು ಕಂಡು ಚಕ್ರ ಚೆನ್ನಾಗಿ ಪಳಗಿದೆಯೆಂದು ನಾನು ಹಿಗ್ಗಿದೆ.

ಆ ಹೊಳಪು ಏನೆಂಬುದನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ನನ್ನ ನಷ್ಟದ ಬೇರು ಅಲ್ಲೇ ಇದೆ. ಸಾಣೆ ಚಕ್ರವೆಂದರೆ ಒಂದಕ್ಕೊಂದು ಅಂಟಿಕೊಂಡ ಲಕ್ಷಾಂತರ ಚೂಪು ಹರಳುಗಳು ಮತ್ತು ಅವುಗಳ ನಡುವಿನ ಸಣ್ಣ ಸಣ್ಣ ಖಾಲಿ ಜಾಗಗಳು. ಪ್ರತಿಯೊಂದು ಹರಳೂ ಉಕ್ಕಿನಿಂದ ಒಂದು ಸಣ್ಣ ಸಿಪ್ಪೆಯನ್ನು ಕೀಳುತ್ತದೆ, ಆ ಸಿಪ್ಪೆ ಖಾಲಿ ಜಾಗದಲ್ಲಿ ಕೂತು ಚಕ್ರ ತಿರುಗಿದಾಗ ಹೊರಗೆ ಹಾರುತ್ತದೆ. ಹರಳು ಮೊಂಡಾದರೆ ಅದು ಒಡೆಯಬೇಕು ಇಲ್ಲವೇ ಉದುರಬೇಕು, ಆಗ ಕೆಳಗಿನ ಹೊಸ ಹರಳು ಮೇಲೆ ಬರುತ್ತದೆ. ಬೂದು ಚಕ್ರದ ಹರಳು ಅಲ್ಯುಮಿನಿಯಂ ಆಕ್ಸೈಡಿನದು, ಅದು ಉಕ್ಕಿಗೆಂದೇ ಇರುವುದು. ಕರಿಕಲ್ಲಿನ ಮೇಲೆ ಅದು ಒಡೆಯದೆ ತಲೆ ಸವೆದು ಚಪ್ಪಟೆಯಾಗುತ್ತದೆ, ಅಷ್ಟರಲ್ಲಿ ಕಲ್ಲಿನ ಹಿಟ್ಟು ಖಾಲಿ ಜಾಗಗಳನ್ನೆಲ್ಲ ಮೆತ್ತಿಬಿಡುತ್ತದೆ. ಅಂಥ ಚಕ್ರ ಕತ್ತರಿಸುವುದನ್ನು ಬಿಟ್ಟು ಬರೀ ತಿಕ್ಕುತ್ತದೆ, ಮತ್ತು ತಿಕ್ಕಿದ್ದೆಲ್ಲ ಶಾಖವಾಗಿ ಎದುರಿನ ವಸ್ತುವಿಗೆ ಇಳಿಯುತ್ತದೆ. ಕಲ್ಲಿಗೆ ಆ ಶಾಖದಿಂದ ಹೆಚ್ಚೇನೂ ಆಗಲಿಲ್ಲ. ಮಾರನೆಯ ದಿನ ಅದೇ ಚಕ್ರಕ್ಕೆ ಆ ಘಟಕದ ಕತ್ತರಿಗಳನ್ನು ಹಿಡಿದೆ.

ಚಕ್ರ ಕಚ್ಚುತ್ತಿಲ್ಲ ಎಂಬುದು ಕೈಗೆ ಗೊತ್ತಾಗುತ್ತಿತ್ತು. ನಿಲ್ಲಿಸಿ ನೋಡುವ ಬದಲು ಇನ್ನಷ್ಟು ಒತ್ತಿದೆ. ಕತ್ತರಿಯ ತುದಿಯಲ್ಲಿ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಕೊನೆಗೆ ನವಿಲುಗರಿಯಂಥ ನೀಲಿ ಕಾಣಿಸಿತು. ಗಾಬರಿಯಾಗಿ ನೀರಿಗೆ ಅದ್ದಿದೆ. ಬಣ್ಣ ಹಾಗೇ ಉಳಿಯಿತು. ಆಗ ಬಟ್ಟೆಯ ಬಫ್ ಚಕ್ರಕ್ಕೆ ಪಾಲಿಶ್ ಮೇಣ ಹಚ್ಚಿ ಆ ನೀಲಿಯನ್ನು ಪೂರ್ತಿ ಅಳಿಸಿದೆ, ಕತ್ತರಿಗಳು ಬೆಳ್ಳಿಯಂತೆ ಮಿಂಚಿದವು, ಅದೇ ರೀತಿಯಲ್ಲಿ ಉಳಿದವುಗಳನ್ನೂ ಮುಗಿಸಿ ಕಟ್ಟಿ ಕಳುಹಿಸಿದೆ. ವಾರ ಕಳೆಯುವುದರೊಳಗೆ ಇಡೀ ಕಟ್ಟು ಮರಳಿ ಬಂತು. ಡೆನಿಮ್ ಪದರಗಳ ನಡುವೆ ಬಾಯಿ ಮಡಚಿಕೊಂಡಿತ್ತು, ಬಟ್ಟೆ ಕತ್ತರಿಸದೆ ಜಗಿಯುತ್ತಿತ್ತು. ಹೊಸ ಕತ್ತರಿಗಳ ಬೆಲೆಯನ್ನು ನಾನು ಕಟ್ಟಿಕೊಟ್ಟೆ, ಆ ಘಟಕದ ಕೆಲಸವೂ ಅಂದಿಗೇ ಮುಗಿಯಿತು, ಅವರ ಮಾತು ಕೇಳಿ ಪಕ್ಕದ ಘಟಕದವರೂ ಬರುವುದನ್ನು ನಿಲ್ಲಿಸಿದರು.

ಉಕ್ಕಿನ ಮೇಲೆ ಕಾಣುವ ಬಣ್ಣ ಬರೀ ಮೇಲ್ಪದರದ್ದು. ಕಾದ ಲೋಹ ಗಾಳಿಯೊಂದಿಗೆ ಸೇರಿ ಮಾಡಿಕೊಂಡ ಬಹಳ ತೆಳುವಾದ ಆಕ್ಸೈಡ್ ಪೊರೆಯದು. ಪೊರೆ ದಪ್ಪವಾದಂತೆ ಬಣ್ಣ ಬದಲಾಗುವುದರಿಂದ ಅದನ್ನು ಉಷ್ಣಮಾಪಕದಂತೆ ಓದಬಹುದು: ಇಂಗಾಲದ ಉಕ್ಕಿನಲ್ಲಿ ತಿಳಿ ಹಳದಿ ಸುಮಾರು 220 ಡಿಗ್ರಿ ಸೆಲ್ಸಿಯಸ್, ಕಂದು 250ರ ಮೇಲೆ, ನೇರಳೆ 280ರ ಹತ್ತಿರ, ನೀಲಿ 300ರ ಆಸುಪಾಸು. ನೀಲಿಯಾಗುವಷ್ಟು ಕಾದರೆ ಕತ್ತರಿಗೆ ಬೇಕಾದ ಹದ ಹೋಯಿತೆಂದೇ ಅರ್ಥ, ಸ್ಪ್ರಿಂಗಿಗೆ ಸಾಕಾಗುವಷ್ಟು ಗಡಸುತನ ಮಾತ್ರ ಉಳಿಯುತ್ತದೆ. ನಾನು ಬಫ್ ಮಾಡಿ ಅಳಿಸಿದ್ದು ಪೊರೆಯನ್ನು, ಮೆತ್ತಗಾದ ಉಕ್ಕು ಒಳಗೆ ಹಾಗೇ ಇತ್ತು. ನೀರಿಗೆ ಅದ್ದಿದ್ದರಿಂದಲೂ ಅದು ಸರಿಹೋಗುವಂತಿರಲಿಲ್ಲ, ಏಕೆಂದರೆ ಉಕ್ಕು ಮತ್ತೆ ಗಡಸಾಗಬೇಕಾದರೆ ಕುಲುಮೆಯಲ್ಲಿ ಕೆಂಪಗೆ, ಸುಮಾರು 780 ಡಿಗ್ರಿಯವರೆಗೆ ಕಾಯಿಸಿದ ಮೇಲೆ ತಣಿಸಬೇಕು. ಬಣ್ಣ ಬಂದ ಭಾಗವನ್ನು ನಿಧಾನವಾಗಿ, ತಣ್ಣಗೆ ಪೂರ್ತಿ ಸವೆಸಿ ಒಳಗಿನ ಗಟ್ಟಿ ಉಕ್ಕಿಗೆ ತಲುಪುವುದೊಂದೇ ಸಾಣೆಯವನ ಕೈಯಲ್ಲಿರುವ ಪರಿಹಾರ. ನಾನು ಅದನ್ನು ಮಾಡಲಿಲ್ಲ. ಗಿರಾಕಿಯ ಕಣ್ಣಿಗೆ ಚೆಂದ ಕಂಡರೆ ಸಾಕೆಂದುಕೊಂಡೆ.

ಓಣಿಯ ಹಿರಿಯ ಸಾಣೆಯವರೊಬ್ಬರಿಗೆ ಆ ಚಕ್ರ ತೋರಿಸಿದಾಗ ಅವರು ಉಗುರಿನಿಂದ ಅದರ ಮುಖವನ್ನು ಒಮ್ಮೆ ಗೀರಿ, 'ಏನಪ್ಪಾ, ಇದನ್ನ ಕನ್ನಡಿ ಮಾಡಿಕೊಂಡೀ?' ಎಂದು ನಕ್ಕರು. ನಕ್ಷತ್ರದಂಥ ಹಲ್ಲುಗಳಿರುವ ಡ್ರೆಸ್ಸರ್ ತಂದು, ತಿರುಗುವ ಚಕ್ರಕ್ಕೆ ಅಡ್ಡವಾಗಿ ಆಚೀಚೆ ಓಡಿಸಿ, ಸತ್ತ ಪದರವನ್ನು ಕಿತ್ತುಹಾಕಿದರು. ಚಕ್ರ ಮತ್ತೆ ಒರಟಾಯಿತು, ಕಿಡಿಯ ಬಣ್ಣವೇ ಬದಲಾಯಿತು. ಗ್ರೈಂಡರಿನ ಬೆಲೆಯ ಮುಂದೆ ಏನೂ ಅಲ್ಲದ ಆ ಉಪಕರಣ ನನ್ನ ಬಳಿ ಇರಲಿಲ್ಲ, ಅದರ ಹೆಸರನ್ನೂ ನಾನು ಕೇಳಿರಲಿಲ್ಲ.

ಹಾಗಾಗಿ ಯಾವ ಕಂಪನಿಯ ಯಂತ್ರ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಯಂತ್ರದ ಕೆಲಸ ತಿರುಗುವುದಷ್ಟೇ, ಅಲುಗಾಡದೆ ತಿರುಗಿದರೆ ಯಾವುದಾದರೂ ಆದೀತು. ಲೋಹವನ್ನು ಮುಟ್ಟುವುದು ಚಕ್ರ. ಅಂಗಡಿಯಲ್ಲಿ ಯಂತ್ರದ ಬಣ್ಣ ನೋಡುವ ಹೊತ್ತಿನಲ್ಲಿ ಚಕ್ರದ ಲೇಬಲ್ ಓದಿ. 'ಎ 60 ಕೆ 5 ವಿ' ಎಂಬಂಥ ಸಂಕೇತ ಅದರ ಮೇಲಿರುತ್ತದೆ. ಮೊದಲ ಅಕ್ಷರ ಹರಳಿನದು: 'ಎ' ಎಂದರೆ ಉಕ್ಕಿಗಾಗಿ ಅಲ್ಯುಮಿನಿಯಂ ಆಕ್ಸೈಡ್, 'ಸಿ' ಎಂದರೆ ಕಲ್ಲು, ಬೀಡುಕಬ್ಬಿಣ, ಹಿತ್ತಾಳೆಯಂಥವುಗಳಿಗಾಗಿ ಸಿಲಿಕಾನ್ ಕಾರ್ಬೈಡ್. 60 ಹರಳಿನ ಗಾತ್ರ, ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣದು. ಕೊನೆಯ 5 ಹರಳುಗಳ ನಡುವಿನ ಖಾಲಿ ಜಾಗವನ್ನೂ 'ವಿ' ಅಂಟಿನ ಬಗೆಯನ್ನೂ ಸೂಚಿಸುತ್ತವೆ. 'ಕೆ' ಎಂಬುದು ಹರಳನ್ನು ಅಂಟು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನು ಹೇಳುತ್ತದೆ, ಮತ್ತು ಹೊಸಬರು ಎಡವುವುದು ಇಲ್ಲಿಯೇ. ಗಡಸು ಉಕ್ಕಿಗೆ ಮೆದು ಚಕ್ರ, ಅಂದರೆ ಅಂಟು ಸಡಿಲವಾಗಿರುವ ಚಕ್ರ ಬೇಕು, ಮೆದು ಕಬ್ಬಿಣಕ್ಕೆ ಗಡಸು ಚಕ್ರ ಬೇಕು, ಏಕೆಂದರೆ ಗಡಸು ಉಕ್ಕು ಹರಳನ್ನು ಬೇಗ ಮೊಂಡು ಮಾಡುವುದರಿಂದ ಆ ಹರಳು ಬೇಗನೆ ಉದುರಿ ಹೊಸದಕ್ಕೆ ದಾರಿ ಬಿಡಬೇಕಾಗುತ್ತದೆ. ಸಿಲಿಕಾನ್ ಕಾರ್ಬೈಡ್ ಇನ್ನೂ ಗಟ್ಟಿಯಾದ ಹರಳಾದರೂ ಬಿಸಿಯಲ್ಲಿ ಕಬ್ಬಿಣದೊಂದಿಗೆ ಬೆರೆತು ಬೇಗ ಸವೆಯುತ್ತದೆ, ಆದ್ದರಿಂದ ಎಲ್ಲಕ್ಕೂ 'ಸಿ' ಹಾಕಿಬಿಡೋಣ ಎಂಬ ಜಾಣತನವೂ ನಡೆಯುವುದಿಲ್ಲ.

ಎಡಕ್ಕೊಂದು 'ಎ', ಬಲಕ್ಕೊಂದು 'ಸಿ' ಹಾಕಿದರೆ ಆಯಿತಲ್ಲ ಎಂದು ನೀವು ಕೇಳುತ್ತೀರಿ. ಚಕ್ರದ ಮಟ್ಟಿಗೆ ಅದು ಸರಿ. ಆದರೂ ನಾನು ಬೇಡವೆನ್ನುತ್ತೇನೆ. ಬೆಂಚ್ ಗ್ರೈಂಡರಿನಲ್ಲಿ ನೀರಿನ ವ್ಯವಸ್ಥೆ ಇಲ್ಲ, ಅದರಲ್ಲಿ ಉಜ್ಜಿದ ಕಲ್ಲು ಒಣ ಧೂಳಾಗಿಯೇ ಹಾರುತ್ತದೆ. ನಮ್ಮ ಕಡೆಯ ಗ್ರಾನೈಟಿನಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕ್ವಾರ್ಟ್ಸ್ ಇರುತ್ತದೆ, ಅದರ ಕಣ್ಣಿಗೆ ಕಾಣದ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ ಶ್ವಾಸಕೋಶದ ಕೊನೆಯ ಗೂಡಿನವರೆಗೆ ಇಳಿಯುತ್ತವೆ. ಅಲ್ಲಿ ಉಂಟಾಗುವ ಸಿಲಿಕೋಸಿಸ್ ಕಾಯಿಲೆಗೆ ವಾಸಿಮಾಡುವ ಔಷಧಿಯಿಲ್ಲ, ಅದು ಬಂದವರಿಗೆ ಕ್ಷಯ ಅಂಟುವ ಸಾಧ್ಯತೆಯೂ ಹೆಚ್ಚು. 1948ರ ಕಾರ್ಖಾನೆಗಳ ಕಾಯಿದೆಯಲ್ಲೇ ಅದು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಗುಜರಾತಿನ ಖಂಭಾತದಲ್ಲಿ ಅಗೇಟ್ ಕಲ್ಲನ್ನು ಮನೆಯಲ್ಲೇ ಸಾಣೆ ಹಿಡಿಯುವ ಕುಟುಂಬಗಳು ಇದೇ ಕಾಯಿಲೆಯಿಂದ ನರಳಿವೆ. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ, ಬಟ್ಟೆ ಈ ಕಣಗಳನ್ನು ತಡೆಯುವುದಿಲ್ಲ. ಮುಚ್ಚಿದ ಮಳಿಗೆಯಲ್ಲಿ ಒಣ ಕಲ್ಲು ಉಜ್ಜುವ ಮಾತನ್ನೇ ಬಿಟ್ಟುಬಿಡಿ.

ಕಲ್ಲನ್ನು ಕೈಯಿಂದ ಉಜ್ಜುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನರು ಇದೇ ಕರಿಕಲ್ಲಿನಿಂದ, ಅಂದರೆ ಡೋಲರೈಟಿನಿಂದ, ಕೊಡಲಿಗಳನ್ನು ಮಾಡಿದರು. ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಗೆ ಉಜ್ಜಿ ನುಣುಪು ಮಾಡಿದ ಗುಳಿಗಳು ಇಂದಿಗೂ ಅಲ್ಲಿವೆ. ಆ ಗುಡ್ಡದಲ್ಲೇ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಇವೆ. ಹೊಸ ಸಾಣೆ ಚಕ್ರವನ್ನು ಕೂರಿಸುವ ಮುನ್ನ ನಾನು ಮಾಡುವುದೂ ಹೆಚ್ಚುಕಡಿಮೆ ಅದೇ ಪರೀಕ್ಷೆ: ರಂಧ್ರಕ್ಕೆ ಬೆರಳು ತೂರಿಸಿ ಚಕ್ರವನ್ನು ತೂಗುಹಾಕಿ, ನಡುಗೆರೆಯ ಎರಡೂ ಬದಿಯಲ್ಲಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತೇನೆ. ಸ್ಪಷ್ಟವಾದ ನಾದ ಬಂದರೆ ಕೂರಿಸುತ್ತೇನೆ, 'ದಪ್' ಎಂದರೆ ಒಳಗೆ ಬಿರುಕಿದೆಯೆಂದು ಒಡೆದು ಎಸೆಯುತ್ತೇನೆ. ಅಂಗಡಿಯವನ ಕೈಯಿಂದ ಬಿದ್ದ ಚಕ್ರ ಕಣ್ಣಿಗೆ ಹೊಸದಾಗಿಯೇ ಕಾಣುತ್ತದೆ.

ಕಲ್ಲಿನ ಕೆಲಸ ಬೇಕೇ ಬೇಕೆಂದಿದ್ದರೆ ಅದನ್ನು ಅಂಗಡಿಯ ಹಿಂದಿನ ಬಯಲಿನಲ್ಲಿ, ನೀರಿನೊಂದಿಗೆ, ಬೇರೆ ಯಂತ್ರದಲ್ಲಿ ಮಾಡಿ. ನೀರು ಹರಿಸುವ, ವೇಗ ಕಡಿಮೆ ಮಾಡಬಹುದಾದ ಪಾಲಿಶರಿಗೆ ಡೈಮಂಡ್ ಪ್ಯಾಡ್ ಹಾಕಿ ಹರಳಿನ ಸಂಖ್ಯೆ 50ರಿಂದ ಆರಂಭಿಸಿ 100, 200, 400, 800, 1500, 3000 ಎಂದು ಏರಿ. ನಡುವೆ ಒಂದನ್ನು ಹಾರಿಸಿದರೆ ಹಿಂದಿನ ಗೀರು ಕೊನೆಯ ಹೊಳಪಿನಲ್ಲಿ ಎದ್ದು ಕಾಣುತ್ತದೆ. ನೀರು ಮತ್ತು ವಿದ್ಯುತ್ ಒಂದೇ ಕೈಯಲ್ಲಿರುವುದರಿಂದ 30 ಮಿಲಿ ಆಂಪಿಯರಿನ ಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ ಇಲ್ಲದ ಪಾಯಿಂಟಿಗೆ ಆ ಯಂತ್ರವನ್ನು ಹಚ್ಚಲೇಬೇಡಿ. ಕೆಸರನ್ನು ಹಸಿಯಿರುವಾಗಲೇ ಬಳಿದು ತೆಗೆಯಿರಿ, ಬಳ್ಳಾರಿ ಜಿಲ್ಲೆಯ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಒಣಗಿ ಮತ್ತೆ ಧೂಳಾಗುತ್ತದೆ.

ಬೆಂಚ್ ಗ್ರೈಂಡರ್ ಕೊಂಡ ಮೇಲೆ ವಸ್ತುವನ್ನು ಆನಿಸುವ ಪಟ್ಟಿಗೂ ಚಕ್ರಕ್ಕೂ 3 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಿಡಬೇಡಿ, ಚಕ್ರ ಸವೆದಂತೆ ಪಟ್ಟಿಯನ್ನು ಮುಂದೆ ಸರಿಸುತ್ತಿರಿ, ಚಕ್ರದ ಬದಿಗೆ ಏನನ್ನೂ ಒತ್ತಬೇಡಿ, ಅಲ್ಯುಮಿನಿಯಂ ಮುಟ್ಟಿಸಬೇಡಿ. ಲುಂಗಿ, ಟವೆಲು, ಬಟ್ಟೆಯ ಕೈಗವಸು ಯಾವುದೂ ಚಕ್ರದ ಹತ್ತಿರ ಇರಬಾರದು, ಕನ್ನಡಕ ಮಾತ್ರ ಇರಲೇಬೇಕು. ಕತ್ತರಿಯನ್ನು ಬರಿಗೈಯಲ್ಲಿ ಹಿಡಿದರೆ ಇನ್ನೊಂದು ಲಾಭವೂ ಇದೆ: ಬೆರಳಿಗೆ ಬಿಸಿ ತಟ್ಟಿದ ಕ್ಷಣ ನೀರಿಗೆ ಅದ್ದಬಹುದು, ಬಣ್ಣ ಬರುವವರೆಗೆ ಕಾಯಬೇಕಿಲ್ಲ.

ಕೊನೆಯಲ್ಲಿ, ಕಾವಲು ತಗಡನ್ನು ಬಿಚ್ಚಿ 4 ಇಂಚಿನ ಕೈ ಗ್ರೈಂಡರಿಗೆ 7 ಇಂಚಿನ ಡಿಸ್ಕ್ ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಾರದು. ಆ ಸಣ್ಣ ಯಂತ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 4 ಇಂಚಿನ ಡಿಸ್ಕಿನ ಅಂಚು ಆಗ ಸೆಕೆಂಡಿಗೆ 58 ಮೀಟರ್ ವೇಗದಲ್ಲಿದ್ದರೆ, 7 ಇಂಚಿನದು ಸುಮಾರು 103 ಮೀಟರ್ ವೇಗಕ್ಕೆ ಹೋಗುತ್ತದೆ, ಆದರೆ ಇಂಥ ಡಿಸ್ಕುಗಳ ಮೇಲೆ ಮುದ್ರಿಸಿರುವ ಮಿತಿ 80 ಮೀಟರ್. ಡಿಸ್ಕನ್ನು ಹೊರಕ್ಕೆ ಸೀಳುವ ಬಲ ವೇಗದ ವರ್ಗದಂತೆ ಏರುವುದರಿಂದ, ಅದು ತಾಳಬೇಕಾದದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಎಳೆತಕ್ಕೆ ಸಿಲುಕುತ್ತದೆ, ಒಡೆದ ಚೂರಿಗೆ ಅಡ್ಡ ನಿಲ್ಲಬೇಕಾದ ತಗಡನ್ನು ನೀವು ಮೊದಲೇ ಬಿಚ್ಚಿಟ್ಟಿರುತ್ತೀರಿ. 7 ಇಂಚಿನ ಡಿಸ್ಕ್ ಬೇಕಾದರೆ ನಿಮಿಷಕ್ಕೆ 8,500 ಸುತ್ತಿನ 7 ಇಂಚಿನ ಯಂತ್ರವನ್ನೇ ಕೊಳ್ಳಿ, ಇಲ್ಲವೇ ಅಂಥ ಕೆಲಸ ಬಂದ ದಿನ ಬಾಡಿಗೆಗೆ ತನ್ನಿ.